ಲೆಮೂರಿಯಾ ಹಾಕಿ ಹುಲಾ ಕುಣಿದ್ರೆ ಕಾಲು ಉಳುಕೀತು

"ಹವಾಯಿ ಹಾಡು ಅಂದ್ರೆ ಉಕುಲೆಲೆ, ಹೂವಿನ ಹಾರ, ಸೊಂಟ ಕುಣಿಸೋದು. ಇನ್ನೇನಿದೆ?" ಶಾಮ ವಿಚಾರಣೆಗೆ ಮುಂಚೆಯೇ ತೀರ್ಪು ಕೊಟ್ಟ.

"ಅದು ವೈಕೀಕಿ ಹೋಟೆಲುಗಳಲ್ಲಿ ಟೂರಿಸ್ಟರಿಗೆ ಬಡಿಸಿದ ಊಟ ಕಣೋ," ಅಂದಳು ಗಿರಿಜಾ. "1978ರ ಲೆಮೂರಿಯಾ ಆಲ್ಬಂ ಕೇಳು. ಹವಾಯಿಯದೇ ಕಲಪಾನ ತಂಡದಲ್ಲಿ ಕೀಬೋರ್ಡ್ ನುಡಿಸ್ತಿದ್ದ ಕಿರ್ಕ್ ಥಾಂಪ್ಸನ್ ಮಾಡಿಸಿದ್ದು. ಅದಕ್ಕೆ ಹುಲಾ ಕುಣಿದ್ರೆ ಕಾಲು ಉಳುಕುತ್ತೆ. 1979ರಲ್ಲಿ ನೋಹೆಲಾನಿ ಸಿಪ್ರಿಯಾನೊ, 1980ರಲ್ಲಿ ಮೈಕ್ ಲಂಡಿ ಅಂತ ಅಲ್ಲಿನ ಹಾಡುಗಾರರ ಆಲ್ಬಂಗಳು ಬಂದವು. ಎಲ್ಲಾ ಸೋಲ್, ಫಂಕ್, ಡಿಸ್ಕೊ."

"ಅಷ್ಟು ಚೆನ್ನಾಗಿದ್ರೆ ಮಾಯ ಆಗಿದ್ದು ಯಾಕೆ?"

"ಸಮುದ್ರ," ಅಂದ ರಘು. "ಹವಾಯಿಯಿಂದ ಕ್ಯಾಲಿಫೋರ್ನಿಯಾ ಸುಮಾರು 3,800 ಕಿಲೋಮೀಟರ್. ಚಿಕ್ಕ ಲೇಬಲ್‌ಗಳು, ಅಂದ್ರೆ ರೆಕಾರ್ಡ್ ಕಂಪನಿಗಳು, ಸ್ವಲ್ಪವೇ ಪ್ರತಿ ಒತ್ತಿಸಿ, ಹೊನೊಲುಲು ಅಂಗಡಿಗಳಿಗೆ ಹಂಚಿ ಸುಮ್ಮನಾಗೋವು. ಸೆಸಿಲಿಯೊ ಅಂಡ್ ಕಪೋನೊ ಕೊಲಂಬಿಯಾ ಲೇಬಲ್ ಹಿಡಿದ್ರು, ಸೀವಿಂಡ್ ತಂಡ ಲಾಸ್ ಏಂಜಲೀಸ್‌ಗೆ ಹೋಯ್ತು, ಹೆಸರು ಉಳೀತು. ಮಿಕ್ಕವರದು ಹಳೇ ಸಾಮಾನಿನ ಅಂಗಡಿ ಪಾಲು. ಆಮೇಲೆ ಹೊನೊಲುಲುವಿನ ರೋಜರ್ ಬಾಂಗ್ ಅಲೋಹಾ ಗಾಟ್ ಸೋಲ್ ಅಂತ ಲೇಬಲ್ ಮಾಡಿ, ಹಾಡಿದವರನ್ನೇ ಹುಡುಕಿಕೊಂಡು ಹೋಗಿ ಮಾತಾಡಿ, ಒಂದೊಂದಾಗಿ ಮತ್ತೆ ಹೊರತಂದ. ಮೊದಲು ಕೇಳೋರಿಗೆ 2016ರಲ್ಲಿ ಸ್ಟ್ರಟ್ ಅನ್ನೋ ಲೇಬಲ್ ತಂದ ಅದೇ ಹೆಸರಿನ ಸಂಗ್ರಹ ಸಾಕು."

"ನಂಗೆ ಆಗಿನ ಅಸಲಿ ಪ್ಲೇಟೇ ಬೇಕು," ಅಂದ ಶಾಮ. " ಆನ್‌ಲೈನಲ್ಲಿ 'ವೆರಿ ಗುಡ್' ಅಂತ ಹಾಕಿರ್ತಾರಲ್ಲ."

"ಆ ಗ್ರೇಡಿಂಗ್‌ನಲ್ಲಿ ವೆರಿ ಗುಡ್ ಅಂದ್ರೆ ಕರಕರ ಅನ್ನುತ್ತೆ ಅಂತ ಅರ್ಥ," ಗಿರಿಜಾ ನಕ್ಕಳು. "ವೆರಿ ಗುಡ್ ಪ್ಲಸ್ ಅಂತಿದ್ರೆ ಯೋಚನೆ ಮಾಡು. ಅದೂ ಬರೀ ಕಣ್ಣಲ್ಲಿ ನೋಡಿ ಕೊಟ್ಟದ್ದಾ, ನುಡಿಸಿ ಕೊಟ್ಟದ್ದಾ ಕೇಳು. ದ್ವೀಪದ ಪ್ಲೇಟಿಗೆ ತೇವದಿಂದ ಬೂಷ್ಟು ಹಿಡಿದಿರುತ್ತೆ. ಒಳಗಿನ ಕಾಗದದ ಕವರ್ ಬಿಸಾಕು, ಮಾಸ್ಕ್ ಹಾಕ್ಕೊಂಡು ಹೊರಗಡೆ ತೊಳಿ. ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಲೀಟರಿಗೆ ಎರಡೇ ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಗೆರೆಯ ದಿಕ್ಕಲ್ಲೇ ಬ್ರಷ್ ಆಡಿಸು, ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಂದು ಸಲ. ನಲ್ಲಿ ನೀರು ಹಾಕಿದ್ರೆ ಸುಣ್ಣ ಗೆರೆಯಲ್ಲೇ ಕೂರುತ್ತೆ. ಪ್ಲೇಟಿನ ನಡುವೆ ಅಂಟಿಸಿದ ಕಾಗದದ ಲೇಬಲ್ ನೆನೆಸಬೇಡ."

"ತಾತನ ಕಾಲದ 78 ಆರ್‌ಪಿಎಂ ಪ್ಲೇಟಿಗೂ ಇದೇನಾ?"

"ಅಯ್ಯೋ ಬೇಡ! ಅದು ಅರಗು, ಆಲ್ಕೋಹಾಲಿಗೆ ಕರಗುತ್ತೆ. ತೊಳೆದು ಮುಗಿಸೋಷ್ಟರಲ್ಲಿ ಹಾಡೂ ಮುಗಿದಿರುತ್ತೆ."

ಸ್ಟುಡಿಯೊದ ಮೂಲ ಟೇಪು, ಅಂದ್ರೆ ಮಾಸ್ಟರ್ ಟೇಪಿನ ಮಾತು ಬಂದದ್ದೇ ರಘುಗೆ ಹುರುಪು ಬಂತು. "ಎಪ್ಪತ್ತರ ದಶಕದ ಟೇಪುಗಳಲ್ಲಿ ಕೆಲವದರ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತೆ. ಹಾಗೇ ಓಡಿಸಿದ್ರೆ ಕೀರಲು ಸದ್ದು, ಟೇಪ್ ಓದೋ ಹೆಡ್ ಮೇಲೆ ಕಂದು ಮಡ್ಡಿ. ಆ ಮಡ್ಡೀನೇ ಹಾಡು ಕಣೋ! ತಕ್ಷಣ ನಿಲ್ಲಿಸಿ ಟೇಪನ್ನ ಬೇಯಿಸಬೇಕು."

"ಇಡ್ಲಿ ಪಾತ್ರೇಲಾ?"

"ಆವಿ ತಾಗಿದ್ರೆ ಕೆಟ್ಟಿತು. ಒಣ ಬಿಸಿ, ಸುಮಾರು 54 ಡಿಗ್ರಿ ಸೆಲ್ಸಿಯಸ್, ಎಂಟು ಗಂಟೆ, ಅಗಲದ ಟೇಪಾದ್ರೆ ಇನ್ನೂ ಜಾಸ್ತಿ. ಲ್ಯಾಬ್ ಇನ್‌ಕ್ಯುಬೇಟರ್ ಆಗುತ್ತೆ, ಅಡುಗೆ ಓವನ್ ಬೇಡ, ಅದರ ಉಷ್ಣ ಏರಿಳಿಯುತ್ತೆ. ನಿಧಾನ ಆರಿಸಿ, ಕೆಲವೇ ವಾರದೊಳಗೆ ಕಾಪಿ ಮಾಡ್ಕೋಬೇಕು, ತಡ ಮಾಡಿದ್ರೆ ಮತ್ತೆ ಜಿಗುಟು. ಬೇಯಿಸೋ ಮುಂಚೆ ಸುರುಳೀನ ಬೆಳಕಿಗೆ ಹಿಡಿ. ಬೆಳಕು ಹಾಯ್ದು ಕಂಡ್ರೆ ಅದು ಅಸಿಟೇಟ್ ಅನ್ನೋ ಹಳೇ ಬಗೆಯ ಟೇಪು, ಬಿಸಿ ಕೊಟ್ರೆ ಹಾಳು."

"ಟೇಪೇ ಇಲ್ಲದಿದ್ರೆ?"

"ಸಿಕ್ಕಿದ್ದರಲ್ಲಿ ಚೊಕ್ಕ ಪ್ಲೇಟು, ಒಳ್ಳೆ ಮುಳ್ಳು ಹಾಕಿ ಕಂಪ್ಯೂಟರಿಗೆ ಇಳಿಸ್ಕೋಬೇಕು, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ. ಹಾಡು ಜೋರಾಗೋ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟಬಾರದು. ಮತ್ತೆ ಹೊರತರೋ ಹಕ್ಕು ಮಾತ್ರ ಎರಡು ಕಡೆ ಕೇಳಬೇಕು: ಹಾಡು ಬರೆದವರದು ಒಂದು, ರೆಕಾರ್ಡಿಂಗ್ ಯಾರ ಹೆಸರಲ್ಲಿದೆಯೋ ಅವರದು ಇನ್ನೊಂದು. ಲೇಬಲ್ ಮುಚ್ಚಿಹೋಗಿದ್ರೆ ಅವರ ವಾರಸುದಾರರನ್ನ ಹುಡುಕೋದೇ ಟೇಪ್ ಬೇಯಿಸೋದಕ್ಕಿಂತ ದೊಡ್ಡ ಕೆಲಸ."

"ಚಟಚಟ ತೆಗೆಯೋಕೆ ಸಾಫ್ಟ್‌ವೇರಲ್ಲಿ ಒಂದು ಬಟನ್ ಇರುತ್ತಲ್ಲ, ಒತ್ತಿಬಿಟ್ರಾಯ್ತು."

"ಜೋರಾಗಿ ಒತ್ತಿದ್ರೆ ಡ್ರಮ್ಮಿನ ಅಂಚಿಗೆ ಬಿದ್ದ ಏಟನ್ನೂ ಚಟಚಟ ಅಂದ್ಕೊಂಡು ಅಳಿಸುತ್ತೆ. ಒಂದೊಂದೇ ಕೈಯಲ್ಲಿ ತೆಗೀಬೇಕು."

"ಪಾಪ ಡ್ರಮ್ಮರ್!" ಶಾಮ ತಲೆ ಕೊಡವಿದ. "ಆಗ ದುಡ್ಡು ಬರಲಿಲ್ಲ, ಈಗ ಸದ್ದೂ ಬರಲ್ಲ."