ಅಪ್‌ಡೇಟ್: ಮಾರಿಸ್ ಮೈನರ್ ಟ್ರಾವೆಲರ್‌ನ ಮರ ನೋಡಿದ್ದಾಯಿತು

ಇಂಗ್ಲೆಂಡಿನಲ್ಲಿ ಮಾರಾಟಕ್ಕಿರುವ, ರಿಸ್ಟೋರ್ ಆದ 1967ರ ಮಾರಿಸ್ ಮೈನರ್ ಟ್ರಾವೆಲರ್ (ಹಿಂಭಾಗಕ್ಕೆ ಮರದ ಚೌಕಟ್ಟಿರುವ ಹಳೆಯ ಬ್ರಿಟಿಷ್ ಎಸ್ಟೇಟ್ ಕಾರು) ಕೊಳ್ಳಬಹುದೇ ಎಂದು ಇಲ್ಲಿ ಕೇಳಿದ್ದೆ. ನೀವೆಲ್ಲ ಹೇಳಿದಂತೆ ಮೊದಲು ಮರ ನೋಡಿದೆ.

ಹಿಂಭಾಗದ ಆಶ್ ಮರದ ಚೌಕಟ್ಟು ಬರೀ ಅಲಂಕಾರವಲ್ಲ, ಬಾಡಿಯ ಭಾರ ಹೊರುವ ಭಾಗ. ವಾರ್ನಿಷ್ ಫಳಫಳ ಹೊಳೆಯುತ್ತಿತ್ತು. ಆದರೆ ಜಾರುವ ಗಾಜಿನ ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಮೆತ್ತಗೆ ಒಳಹೋಯಿತು. ಗಾಜಿನ ಜಾಡಿನಲ್ಲಿ ನೀರು ನಿಂತು ಒಳಗಿನಿಂದ ಕೊಳೆತಿದೆ. ಅದು ಕಾಣದಂತೆ ಮೇಲೆ ಫಿಲ್ಲರ್ (ತೂತು ಮುಚ್ಚುವ ಪೇಸ್ಟ್) ಮೆತ್ತಿದ್ದಾರೆ. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಕಾರಿಗೆ ಸಾಮಾನ್ಯವಾಗಿ ಎಂಓಟಿ (ಕಾರು ಓಡಿಸಲು ಸುರಕ್ಷಿತವೇ ಎಂದು ವರ್ಷಕ್ಕೊಮ್ಮೆ ನೋಡುವ) ತಪಾಸಣೆ ಕಡ್ಡಾಯವಲ್ಲ, ಹಾಗಾಗಿ ಕೊಳ್ಳುವವರೇ ಚುಚ್ಚಿ ನೋಡಬೇಕು.

1098 ಸಿಸಿ ಎಂಜಿನ್ ಚೆನ್ನಾಗಿದೆ. ಮುಂದಿನ ಸಸ್ಪೆನ್ಷನ್ನಿನ ಕೆಳಗಿನ ಟ್ರನಿಯನ್ (ಚಕ್ರ ತಿರುಗಿಸುವಾಗ ತಿರುಗುವ, ಸ್ಕ್ರೂನಂತೆ ಮರೆಯಿರುವ ಕೀಲು) ಮಾತ್ರ ಗ್ರೀಸ್ ಇಲ್ಲದೆ ಒಣಗಿತ್ತು. ಗ್ರೀಸ್ ತಪ್ಪಿದರೆ ಆ ಮರೆ ಸವೆದು, ಓಡುವಾಗಲೇ ಚಕ್ರ ಕುಸಿಯಬಹುದು. ಜ್ಯಾಕ್ ಹಾಕಿ ಭಾರ ಇಳಿಸಿಯೇ ಗ್ರೀಸ್ ಹೊಡೆಯಬೇಕು.

ಕೊಳೆತ ಬದಿಯ ಮರದ ಚೌಕಟ್ಟನ್ನು ಪೂರ್ತಿ ಹೊಸದಾಗಿ ಕೂರಿಸುವ ಖರ್ಚು ಬೆಲೆಯಲ್ಲಿ ಇಳಿಸಿದರೆ ಮಾತ್ರ ಕೊಳ್ಳುತ್ತೇನೆ.