ಮದುವೆ ಪತ್ರಿಕೆ ಹಂಚೋಕೆ ಮುಂಚೆ ಅಜ್ಜಿಗೆ, ಮಾವನಿಗೆ ಎಲ್ಲ ಹೇಳಬೇಕು. ಹೇಗೆ ಶುರು ಮಾಡಲಿ?

ಹಾಸನದ ಸೂಜಿದಾರ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ನನ್ನ ಮದುವೆ. ಧನುರ್ಮಾಸ ಶುರುವಾಗೋಕೆ ಮುಂಚೆ ನಮಗೆ ಹೊಂದಿದ್ದು ಅದೊಂದೇ ಮುಹೂರ್ತ. ಛತ್ರ ಗೊತ್ತು ಮಾಡಿದ್ದೇವೆ, ಪತ್ರಿಕೆ ಪ್ರಿಂಟಿಗೆ ಹೋಗಿದೆ. ನನ್ನ ತಲೆಬಿಸಿ ಬೇರೆ.

ನಾನು ಬೆಳೆದದ್ದು ಮೂಡಿಗೆರೆ ಹತ್ತಿರ, ಅಜ್ಜಿ ಮನೆಯಲ್ಲಿ. ಅಪ್ಪ ಹೋದಾಗ ನನಗೆ ಆರು ವರ್ಷ. ಅಮ್ಮ ಹಾಸನದಲ್ಲಿ ಕೆಲಸಕ್ಕೆ ಸೇರಿದರು, ನನ್ನನ್ನು ಓದಿಸಿದ್ದು ಸೋದರಮಾವ. ಇಂಜಿನಿಯರಿಂಗ್ ಫೀಸ್ ಕೂಡ ಅವರೇ ಕಟ್ಟಿದ್ದು, ಮೆಣಸು ಮಾರಿದ ದುಡ್ಡಿನಲ್ಲಿ. ಅವರ ಲೆಕ್ಕದಲ್ಲಿ ನಾನು ಇವತ್ತಿಗೂ ಬೆಂಗಳೂರಿನ ಕಂಪನಿಯಲ್ಲಿದ್ದೇನೆ. ನಾನು ಕೆಲಸ ಬಿಟ್ಟು 14 ತಿಂಗಳಾಯಿತು. ಹಾಸನಕ್ಕೆ ಬಂದು ಸಾಲಗಾಮೆ ರಸ್ತೆ ಕಡೆ ಒಂದು ಚಿಕ್ಕ ಮಳಿಗೆ ಹಿಡಿದಿದ್ದೇನೆ. ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಕಸೂತಿ ಮಾಡುತ್ತೇನೆ. ಚೆನ್ನಾಗಿಯೇ ನಡೆಯುತ್ತಿದೆ, ಲಗ್ನದ ಕಾಲದಲ್ಲಂತೂ ರಾತ್ರಿ ಹನ್ನೊಂದಾಗುತ್ತೆ.

ಇನ್ನೊಂದು ವಿಷಯ. ಕಳೆದ ವರ್ಷ ನನಗೆ ಥೈರಾಯ್ಡ್ ಕಮ್ಮಿ ಇದೆ ಅಂತ ಗೊತ್ತಾಯಿತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ. ಅಜ್ಜಿ ಮನೆಗೆ ಹೋದಾಗ ಅದನ್ನು ಬಚ್ಚಲುಮನೆಯಲ್ಲಿ ಕದ್ದು ನುಂಗುತ್ತೇನೆ, ಹೊರಗೆ ಬರೋಷ್ಟರಲ್ಲಿ ಅಜ್ಜಿ ಒಲೆ ಹತ್ತಿರ ಬೆಲ್ಲದ ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಕುಡಿದುಬಿಡುತ್ತೇನೆ.

ಹುಡುಗನಿಗೂ ಅವರ ಮನೆಯವರಿಗೂ ಎರಡೂ ವಿಷಯ ಮೊದಲೇ ಹೇಳಿದ್ದೇವೆ, ಅಲ್ಲಿ ಮುಚ್ಚುಮರೆ ಇಲ್ಲ. ನಿಶ್ಚಿತಾರ್ಥದ ದಿನ ಅವರ ಅಮ್ಮ ಮಾವನ ಎದುರಿಗೇ ‘ಅಂಗಡಿ’ ಅಂತ ಮಾತು ತೆಗೆದಾಗ ಅಮ್ಮ ಊಟದ ವಿಷಯ ಎತ್ತಿ ತಿರುಗಿಸಿದರು. ಅಮ್ಮ ಹೇಳೋದು, ಮದುವೆ ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳೋಣ ಅಂತ.

ಹೋದ ವಾರ ಅತ್ತೆ, ಅಂದರೆ ಮಾವನ ಹೆಂಡತಿ, ಫೋನ್ ಮಾಡಿ, ಕಂಪನಿಯಲ್ಲಿ ಎಷ್ಟು ದಿನ ರಜೆ ಕೊಡ್ತಾರೆ ಮಗ ಅಂತ ಕೇಳಿದರು. ಹದಿನೈದು ದಿನ ಅಂದೆ. ಫೋನ್ ಇಟ್ಟ ಮೇಲೆ ಕೈ ಓಡಲಿಲ್ಲ. ತೋಳಿಗೆ ಹಾಕುತ್ತಿದ್ದ ಮಾವಿನಕಾಯಿ ಡಿಸೈನ್ ಸೊಟ್ಟಗಾಗಿ, ಅಷ್ಟನ್ನೂ ಬಿಚ್ಚಿ ಮತ್ತೆ ಹಾಕಬೇಕಾಯಿತು. ಇದು ಸಾಕು ಅನ್ನಿಸಿತು.

ಫೋನಿನಲ್ಲಿ ಹೇಳಲಾ, ಪತ್ರಿಕೆ ಕೊಡೋಕೆ ಹೋದಾಗ ಹೇಳಲಾ? ಮೊದಲು ಯಾರಿಗೆ?

ಕಾಫಿನಾಡಿನ ಅಕ್ಕ:

ತಂಗಿ, ಹೋಗಿ ಎದುರಿಗೆ ಕೂತು ಹೇಳು. ಫೋನ್ ಬೇಡ, ಆ ಕಡೆ ಸಿಗ್ನಲ್ ಅರ್ಧ ಮಾತಿಗೆ ಹೋಗುತ್ತೆ, ನೀನು ಹೇಳಿದ ಅರ್ಧ ಮಾತೇ ಅವರ ತಲೆಯಲ್ಲಿ ಉಳಿಯುತ್ತೆ.

ಪತ್ರಿಕೆ ಕೊಡೋ ದಿನವಂತೂ ಬೇಡವೇ ಬೇಡ. ಆವತ್ತು ಕುಂಕುಮ ಇಟ್ಟು ಅಕ್ಷತೆ ಕೊಟ್ಟು ಕರೆಯೋ ಶಾಸ್ತ್ರ, ಜೊತೆಗೆ ನಾಲ್ಕು ಜನ ಇರುತ್ತಾರೆ. ಹಿರಿಯರಿಗೆ ಬೇಜಾರಾದರೂ ಅಷ್ಟು ಜನರ ಮುಂದೆ ನಗುಮುಖ ಮಾಡಬೇಕು. ಬೈಯೋಕೂ ಅವರಿಗೆ ಜಾಗ ಇರಬೇಕು ಅಲ್ವಾ? ಪತ್ರಿಕೆ ಮನೆಗೆ ಬರೋ ಮುಂಚೆ ಸುಮ್ನೆ ಹೋಗು, ಒಂದು ರಾತ್ರಿ ಉಳಿದುಕೊ.

ದೀಪಾವಳಿವರೆಗೂ ಕಾಯಬೇಡ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ಮಾವನಿಗೆ ಬೆಳಿಗ್ಗೆ ಆಳು ಕರೆಯೋದು, ಸಂಜೆ ಹಣ್ಣು ತೂಗೋದು, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್, ಮಧ್ಯೆ ಮೋಡ ಕಂಡರೆ ಕಣದಲ್ಲಿ ಹರಡಿದ್ದನ್ನು ಮುಚ್ಚೋ ಓಟ. ಆಗ ನಿನ್ನ ಮಾತಿಗೆ ಕಿವಿ ಕೊಡೋ ಸ್ಥಿತಿಯಲ್ಲಿ ಅವರು ಇರಲ್ಲ.

ಮೊದಲು ಅಜ್ಜಿ, ಅದೂ ಅಡುಗೆಮನೆಯಲ್ಲಿ. ಅದೇ ದಿನ ಮಾವ. ಎರಡು ದಿನ ಬಿಟ್ಟರೆ ಅಜ್ಜಿ ಗುಟ್ಟು ಹೊತ್ತುಕೊಂಡು ಕೂರಬೇಕಾಗುತ್ತೆ, ಪಾಪ.

ಬೇಲೂರು ರೈತ:

ನಾನೂ ಒಬ್ಬ ಸೋದರಮಾವ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಬಿ.ಎಡ್. ಅರ್ಧಕ್ಕೇ ಬಿಟ್ಟಿದ್ದಳು. ನನಗೆ ಹೇಳಿರಲಿಲ್ಲ. ಅವಳ ಮದುವೆ ಪತ್ರಿಕೆ ಹಂಚುತ್ತಾ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರಿಗೆ, ಮುಂದಿನ ವರ್ಷ ನಮ್ಮ ಹುಡುಗಿ ಟೀಚರ್ ಆಗ್ತಾಳೆ ಅಂದೆ. ಅವರು ನನ್ನ ಮುಖ ನೋಡಿ, ನಿಮಗೆ ಗೊತ್ತಿಲ್ವಾ ಅಂದರು. ಕೈಯಲ್ಲಿ ಪತ್ರಿಕೆ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ. ಅವಳು ಓದು ಬಿಟ್ಟಿದ್ದಕ್ಕೆ ಬೇಜಾರಾಗಲಿಲ್ಲ, ದೇವರಾಣೆ. ಹೊರಗಿನವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಧಾರೆಗೆ ಮಂಟಪಕ್ಕೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಆದರೆ ಅವಳ ಹತ್ತಿರ ಮೊದಲಿನ ಹಾಗೆ ಮಾತಾಡೋಕೆ ಎರಡು ವರ್ಷ ಬೇಕಾಯಿತು.

ಮಗಳೇ, ಒಂದು ಕೆಲಸ ಮಾಡು. ಫೀಸ್ ಕಟ್ಟಿದ ವಿಷಯ ನೀನೇ ಎತ್ತು. ಅವರಾಗಿ ಎತ್ತಲ್ಲ, ಆದರೆ ಮನಸ್ಸಿನಲ್ಲಿ ಅದೇ ಓಡುತ್ತಿರುತ್ತೆ. ನಿಮ್ಮ ದುಡ್ಡಲ್ಲಿ ಓದಿದ್ದು ನನಗೆ ನೆನಪಿದೆ ಮಾವ ಅಂತ ಬಾಯಿಬಿಟ್ಟು ಹೇಳು. ಯಾಕೆ ಕೆಲಸ ಬಿಟ್ಟೆ ಅನ್ನೋದನ್ನೂ ಇದ್ದ ಹಾಗೇ ಹೇಳು. ಅಮ್ಮ ಬೇಡ ಅಂದರು ಅಂತ ಮಾತ್ರ ಹೇಳಬೇಡ, ಅಕ್ಕ ತಮ್ಮನ ಮಧ್ಯೆ ಅದು ಬೇರೆಯದೇ ಜಗಳ ಆಗುತ್ತೆ.

ಮಾತ್ರೆ ಕೌಂಟರ್:

ಚಿಕ್ಕಮಗಳೂರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಬಿಟ್ಟು. ಮದುವೆ ಗಲಾಟೆಯಲ್ಲಿ ಬಿಡಬೇಡಿ. ಮುಂದೆ ಮಗು ಬೇಕು ಅಂದುಕೊಂಡಾಗ ಮೊದಲೇ ಡಾಕ್ಟರಿಗೆ ಹೇಳಿ ಥೈರಾಯ್ಡ್ ರಕ್ತಪರೀಕ್ಷೆ, ಅಂದರೆ ಟಿಎಸ್‌ಎಚ್ ನೋಡಿಸಿ, ಬಸುರಿನಲ್ಲಿ ಸಾಮಾನ್ಯವಾಗಿ ಡೋಸ್ ಜಾಸ್ತಿ ಮಾಡುತ್ತಾರೆ.

ಅಜ್ಜಿಗೆ ಕಾಯಿಲೆ ಅಂತ ಶುರು ಮಾಡಬೇಡಿ, ಹೆದರುತ್ತಾರೆ. ಗಂಟಲ ಹತ್ತಿರ ಒಂದು ಗ್ರಂಥಿ ಇದೆ, ಅದು ಸ್ವಲ್ಪ ನಿಧಾನ, ಅದು ಕೊಡಬೇಕಾದ್ದನ್ನು ಈ ಮಾತ್ರೆ ಕೊಡುತ್ತೆ. ಅಷ್ಟು ಹೇಳಿದರೆ ಅರ್ಥವಾಗುತ್ತೆ.

ಸಕಲೇಶಪುರ ಮಳೆ:

ಎಲ್ಲರೂ ಹೇಳಿದ್ದು ಸರಿ, ಆದರೆ ಅಮ್ಮನನ್ನು ಬಿಟ್ಟು ಹೋಗಬೇಡಿ. ಗಂಡ ಇಲ್ಲದೆ ತಮ್ಮನ ಆಸರೆಯಲ್ಲಿ ಮಗಳನ್ನು ಬೆಳೆಸಿದವರು, ಅವರ ಭಯ ಸುಮ್ನೆ ಬಂದಿದ್ದಲ್ಲ. ಮೊದಲು ಅವರನ್ನು ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋಗಿ.

ಕಂಪನಿ ಬಿಟ್ಟಿದ್ದೀರಿ ಅಂದಿದ್ದಕ್ಕೆ ನೆನಪಾಯಿತು, ಹಳೆ ಪಿಎಫ್ ಖಾತೆ ಇದ್ದರೆ ಮದುವೆಯಾದ ಮೇಲೆ ನಾಮಿನಿಯನ್ನು ಹೊಸದಾಗಿ ಹಾಕಿ. ಮದುವೆಗೆ ಮುಂಚೆ ಕೊಟ್ಟದ್ದು ಆಮೇಲೆ ನಡೆಯಲ್ಲ. ಆನ್‌ಲೈನ್‌ನಲ್ಲೇ ಆಗುತ್ತೆ.

ಹಾಸನದ ಸೂಜಿದಾರ:

ಹೋಗಿ ಬಂದೆ. ಅಮ್ಮನೂ ಬಂದರು. ಬೇಲೂರಿನಲ್ಲಿ ಬಸ್ ಬದಲಾಯಿಸೋವರೆಗೂ ಒಂದು ಮಾತಾಡಲಿಲ್ಲ, ಆಮೇಲೆ, ನಾನೇ ನಿನಗೆ ಸುಳ್ಳು ಹೇಳಿಸಿದೆ ಅಂತ ಅತ್ತರು.

ಅಜ್ಜಿ ಕಡುಬು ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕಟ್ಟುತ್ತಾ ಮೊದಲು ಮಾತ್ರೆ ವಿಷಯ ಹೇಳಿದೆ. ಕೈಯಲ್ಲಿದ್ದ ಉಂಡೆ ಹಾಗೇ ಹಿಡಿದು, ‘ಇಷ್ಟು ದಿನ ನನ್ನ ಕೈಯಿಂದಲೇ ನಿನಗೆ ತೊಂದರೆ ಮಾಡಿಸಿದೆಯಲ್ಲೇ’ ಅಂದರು. ಅದು ನನ್ನ ಮನಸ್ಸಿಗೆ ಬಂದೇ ಇರಲಿಲ್ಲ. ಅಂಗಡಿ ವಿಷಯಕ್ಕೆ ಅವರು ಏನೂ ಅನ್ನಲಿಲ್ಲ, ಹೊಲಿಗೆ ನಾನೇ ಕಲಿಸಿದ್ದಲ್ವಾ ಅಂದರು ಅಷ್ಟೇ.

ಮಾವನಿಗೆ ಎಲ್ಲ ಹೇಳಿದೆ, ಫೀಸ್ ಮಾತೂ ಎತ್ತಿದೆ. ಅವರು ಪೂರ್ತಿ ಕೇಳಿ, ಕೊಡೆ ತೆಗೆದುಕೊಂಡು ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದರು. ಊಟಕ್ಕೆ ಕೂತಾಗ, ‘ಮಳಿಗೆಗೆ ಬಾಡಿಗೆ ಎಷ್ಟು?’ ಅಂದರು. 6,500 ಅಂದೆ. ‘ಕರೆಂಟ್ ಬೇರೆನಾ?’ ಹೌದು ಅಂದೆ. ಆ ರಾತ್ರಿ ಅಷ್ಟೇ ಮಾತು.

ಬೆಳಿಗ್ಗೆ ಬಸ್ಸಿಗೆ ಬಿಡೋಕೆ ಅವರೇ ಬಂದರು. ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಬಸ್ ಹೊರಡೋವಾಗ ಕಿಟಕಿಯಲ್ಲಿ ಒಂದು ಕವರ್ ಕೊಟ್ಟು, ಅತ್ತೆದು, ಮದುವೆಗೆ ಅಂದರು. ತೆಗೆದು ನೋಡಿದರೆ ಹಸಿರು ರೇಷ್ಮೆ ಬ್ಲೌಸ್ ಪೀಸ್, ಅಳತೆಗೆ ಅಂತ ಅತ್ತೆಯ ಹಳೆ ರವಿಕೆಯೂ ಇತ್ತು.