ಕೋಡಿಯಾಕ್ ದ್ವೀಪದಾಗ ಗಾಳ ಹಾಕೂದು: ನಾಕ ದಿನ ಸಾಕೇನ್ರಿ?

ಪ್ರಶ್ನೆ (ರಾಣೆಬೆನ್ನೂರು):
ನಮಸ್ಕಾರ ಸರ್. ನೀವು ಹುಬ್ಬಳ್ಳ್ಯಾಗ ಕುಂತು ಗಾಳದ ಪ್ರವಾಸ ಮಾಡಿಸ್ತೀರಿ ಅಂತ ಗುಂಪಿನಾಗ ಗೊತ್ತಾತು, ಅದಕ್ಕ ಕೇಳಾಕತ್ತೀನಿ. ನನಗ 61 ವಯಸ್ಸು. ಸಣ್ಣಾಂವ ಇದ್ದಾಗಿಂದ ತುಂಗಭದ್ರಾ ದಂಡಿಮ್ಯಾಲ ಕುಂತು ಕಟ್ಲಾ, ಬಾಳೆಮೀನ ಹಿಡದಾಂವ. ಮಗ ಸಿಯಾಟಲ್‌ನಾಗ ಅದಾನ. ಅಲಾಸ್ಕಾದ ಕೋಡಿಯಾಕ್ ದ್ವೀಪದಾಗ ಕಾರ್ಲಕ್ ನದಿ ದಂಡಿಗೆ ಲಾಜ್ ಐತಿ, ಗೈಡನ್ನೂ ಕೊಡ್ತಾರ, ಹೋಗೂಣು ಅಂತಾನ. ಜುಲೈದಾಗ ನಾಕ ದಿನ ಇಟ್ಕೊಂಡೀವಿ: ಹೋಗೂ ದಿನ ಒಂದು, ಮೀನಿಗೆ ಎರಡು, ಬರೂ ದಿನ ಒಂದು. ಅದರ ಮರುದಿನನ ನಮಗ ಬೆಂಗಳೂರಿಗೆ ವಿಮಾನ. ಇದು ಹೊಂದತೈತೇನ್ರಿ? ನಮ್ಮ ಮನಿಯಾಕಿನೂ ಬರ್ತಾಳ. ಆಕಿ ಮೀನ ಮುಟ್ಟೂದಿಲ್ಲ.

ಉತ್ತರ:
ಕಾಕಾರ, ಆಸೆ ಭಾಳ ಚಲೋ ಐತಿ. ಆದ್ರ ಈ ನಾಕ ದಿನದ ಲೆಕ್ಕ ಮದ್ಲ ಹರದ ಒಗೀರಿ.

ಕೋಡಿಯಾಕ್ ಸುಮಾರು 9,300 ಚದರ ಕಿ.ಮೀ. ದ್ವೀಪ. ರಸ್ತೆ ಅಂತ ಇರೂದು ಕೋಡಿಯಾಕ್ ಊರಿನ ಸುತ್ತ 160 ಕಿ.ಮೀ. ಆಸುಪಾಸು ಅಷ್ಟ. ಕಾರ್ಲಕ್ ಇರೂದು ದ್ವೀಪದ ಇನ್ನೊಂದು ಮಗ್ಗಲಿಗೆ, ನೈಋತ್ಯಕ್ಕ. ಅಲ್ಲಿಗೆ ಕಾರು ಹೋಗೂದಿಲ್ಲ, ನೀರಿನ ಮ್ಯಾಲ ಇಳಿಯೂ ಸಣ್ಣ ವಿಮಾನದಾಗ ಹೋಗಬೇಕು. ಆ ಪೈಲಟ್ ಕಣ್ಣಿಗೆ ಗುಡ್ಡ, ನೀರು ಕಂಡ್ರ ಅಷ್ಟ ಹಾರತಾನ. ಮಂಜು ಕುಂತ್ರ, ಮೋಡ ಕೆಳಗ ಇಳದ್ರ, ಎಷ್ಟ ರೊಕ್ಕ ಕೊಟ್ರೂ ಇಲ್ಲ ಅಂತಾನ. ಅಂವ ಇಲ್ಲ ಅಂದಾಗ ಒತ್ತಾಯ ಮಾಡಬ್ಯಾಡ್ರಿ. ಬ್ಯಾಸಿಗ್ಯಾಗೂ ಅಲ್ಲಿ ಮಂಜಿಗೆ ಬರಗಾಲ ಇಲ್ಲ. ಒಮ್ಮೊಮ್ಮೆ ಆಂಕರೇಜ್‌ನಿಂದ ಬರೂ ದೊಡ್ಡ ವಿಮಾನಕ್ಕೂ ಕೋಡಿಯಾಕ್‌ನಾಗ ಇಳಿಯಾಕ ಆಗೂದಿಲ್ಲ.

ಅದಕ್ಕ ಹಿಂಗ ಮಾಡ್ರಿ. ಲಾಜಿಗೆ ಹೋಗೂ ಮುಂಚೆ ಕೋಡಿಯಾಕ್ ಊರಾಗ ಒಂದ ರಾತ್ರಿ. ನದಿಮ್ಯಾಲ ಕಡಿಮಿ ಅಂದ್ರ ಐದ ದಿನ. ತಿರುಗಿ ಬಂದಮ್ಯಾಲ ಬೆಂಗಳೂರಿನ ವಿಮಾನಕ್ಕ ಮುಂಚೆ ಎರಡ ದಿನ ಖಾಲಿ. ಆ ಖಾಲಿ ದಿನ ಉಳದ್ರ ಮಗನ ಮನ್ಯಾಗ ಕಳೀರಿ, ನಷ್ಟ ಏನಿಲ್ಲ. ಮಂಜಿಗೆ ಸಿಕ್ಕೊಂಡ ದಿನದ ರೊಕ್ಕ ತಿರುಗಿ ಕೊಡ್ತೀರೇನು, ಊರಾಗ ಉಳಿಯೂ ಹೋಟೆಲ್ ಖರ್ಚು ಯಾರದು, ಇವೆರಡನ್ನೂ ಮುಂಗಡ ಕಳಸೂಕ್ಕಿಂತ ಮುಂಚೆ ಲಾಜಿನವರಿಗೆ ಬರವಣಿಗ್ಯಾಗ ಕೇಳ್ರಿ. ಅಲ್ಲಿ ಲಾಜು ವಾರಕ್ಕ ಹಲವು ಸಾವಿರ ಡಾಲರ್ ಆಗತಾವ. ಫೋನಿನಾಗ ಯಾರೋ ಹೂಂ ಅಂದದ್ದನ್ನ ನಂಬಿ ಕುಂದರಬ್ಯಾಡ್ರಿ.

ವೀಸಾ ತಗದೀರೇನು? ಪ್ರವಾಸಿ ವೀಸಾದ ಸಂದರ್ಶನಕ್ಕ ನಮ್ಮ ಕಡಿಯವರು ಚೆನ್ನೈ ಇಲ್ಲಾ ಹೈದರಾಬಾದಿಗೆ ಹೋಗ್ತಾರ, ತಾರೀಖು ಸಿಗಾಕನ ತಿಂಗಳುಗಟ್ಟಲೆ ಆಗಬಹುದು. ವೀಸಾ ಕೈಗೆ ಬರೂತನ ಲಾಜಿಗೆ ರೊಕ್ಕ ಹಾಕಬ್ಯಾಡ್ರಿ.

ಪ್ರಶ್ನೆ (ರಾಣೆಬೆನ್ನೂರು):
ವೀಸಾ ಐತ್ರಿ, ಹ್ವಾದ ಸಲ ಮಗನ ಕಡೆ ಹೋದಾಗ ಮಾಡ್ಸಿದ್ದು. ಜುಲೈ ಬ್ಯಾಡಂತೀರೇನು? ಎರೆಹುಳ ಅಲ್ಲೆ ಸಿಗತಾವೋ ಇಲ್ಲಿಂದ ಒಯ್ಯಬೇಕೋ? ಮತ್ತ ಬಲಗಾಲ ಮೊಣಕಾಲು ಸ್ವಲ್ಪ ನೋವು.

ಉತ್ತರ:
ಎರೆಹುಳ ಒಯ್ದ್ರ ಸಿಯಾಟಲ್ ಕಸ್ಟಮ್ಸ್‌ನವರ ಕೂಡ ಜಗಳ ಆಗತೈತಿ, ಮಣ್ಣಿನ ಹುಡಿನೂ ಒಳಗ ಬಿಡೂದಿಲ್ಲ ಅವರು. ಅದರ ಜರೂರಿನೂ ಇಲ್ಲ. ಅಲ್ಲಿ ನೀವು ಹಿಡಿಯೂದು ಸಾಲ್ಮನ್ ಅನ್ನೂ ಮೀನ. ಅದು ಸಮುದ್ರದಿಂದ ನದಿಗೆ ಬಂದಮ್ಯಾಲ ತಿನ್ನೂದ ಬಿಡತೈತಿ. ಮೊಟ್ಟಿ ಇಟ್ಟು ಸಾಯಾಕ ಬಂದಿರತೈತಿ ಅದು. ಹಸಿವಿಗೆ ಕಚ್ಚೂದಲ್ಲ, ಮುಂದ ಬಂದದ್ದಕ್ಕ ಸಿಟ್ಟಿಗೋ ರೂಢಿಗೋ ಬಾಯಿ ಹಾಕತೈತಿ. ಹಿಂಗಾಗಿ ರೆಕ್ಕೆಪುಕ್ಕದ ಹುಸಿ ಹುಳ, ಇಲ್ಲಾ ಮಿಂಚೂ ತಗಡಿನ ಗಾಳ. ನೀವು ದಂಡಿಮ್ಯಾಲ ಕುಂತು ಬೀಡಿ ಸೇದ್ಕೊಂತ ದಾರ ಎಳಿಯೂತನ ಕಾಯೂ ಪದ್ಧತಿ ಅಲ್ಲಿ ನಡಿಯೂದಿಲ್ಲ. ದಿನಾ ನೂರಾರು ಸಲ ಗಾಳ ಬೀಸಬೇಕು, ಭುಜ ನೋಯತೈತಿ. ಹೊಂಡೂ ಮುಂಚೆ ಮನಿ ಮುಂದ ಖಾಲಿ ಕೋಲು ಬೀಸಿ ರೂಢಿ ಮಾಡ್ಕೋರಿ, ಮಂದಿ ನಕ್ರ ನಗಲಿ.

ತಿಂಗಳ ವಿಚಾರ. ಕಾರ್ಲಕ್ ಸರೋವರದಿಂದ ಶೆಲಿಕೋಫ್ ಜಲಸಂಧಿಗೆ ಸುಮಾರು 40 ಕಿ.ಮೀ. ಹರಿಯೂ ನದಿ ಇದು. ಕೆಂಪು ಸಾಲ್ಮನ್ನಿಗೆ ಇದರ ಹೆಸರು ಎಷ್ಟಿತ್ತಂದ್ರ 1882ರಾಗನ ಇದರ ಬಾಯಿಗೆ ಮೀನ ಡಬ್ಬಿಗೆ ತುಂಬೂ ಕಾರ್ಖಾನಿ ಎದ್ದಿತ್ತು. ಈ ಕೆಂಪು ಮೀನ ಜೂನ್‌ನಾಗ ಒಂದು ದಂಡು ಬರತೈತಿ, ಜುಲೈ ನಡುವಿನಿಂದ ಇನ್ನೊಂದು. ಜುಲೈ ಕೊನಿಗೆ, ಆಗಸ್ಟಿಗೆ ಗುಲಾಬಿ ಸಾಲ್ಮನ್ ತುಂಬತಾವ. ಅವು ಸಣ್ಣವು, ಕಲಿಯೂರಿಗೆ ಚಲೋ. ನಿಮ್ಮ ಕೈ ಪಳಗಿದ್ದು, ನಿಮಗ ನಾ ಹೇಳೂದು ಆಗಸ್ಟ್ ಕೊನಿ, ಸೆಪ್ಟೆಂಬರ್ ಮೊದಲು. ಆವಾಗ ಬೆಳ್ಳಿ ಸಾಲ್ಮನ್, ಅಂದ್ರ ಕೋಹೋ, ಬರತೈತಿ. ಗಾಳಕ್ಕ ಬಿದ್ದಮ್ಯಾಲ ನೀರಿಂದ ಮ್ಯಾಲ ಜಿಗಿದು ಜಿಗಿದು ಆಟ ಆಡತೈತಿ. ಮಳಿ, ಥಂಡಿ ಸ್ವಲ್ಪ ಹೆಚ್ಚು, ಅದನ್ನ ತಡಕೋಬೇಕು. ರಾಜ ಸಾಲ್ಮನ್ ಆಸೆ ಇಟ್ಕೊಂಡು ಹೋಗಬ್ಯಾಡ್ರಿ. ಕಾರ್ಲಕ್‌ನಾಗ ಅದರ ಸಂತತಿ ಕಡಿಮಿ ಆಗಿ ನಿರ್ಬಂಧ ಬಿದ್ದಾವ. ಹೊಂಡೂ ವಾರ ಅಲಾಸ್ಕಾ ಮೀನುಗಾರಿಕಿ ಇಲಾಖಿಯ ಆದೇಶ ನೋಡಿಸ್ರಿ, ನಡು ಹಂಗಾಮಿನಾಗೂ ಬದಲ ಮಾಡ್ತಾರ. ಲೈಸೆನ್ಸ್ ಮಗ ಆನ್‌ಲೈನ್ ತಗೀತಾನ, ಬ್ಯಾರೆ ಕಡಿಯವರಿಗೆ 16 ವರ್ಷ ತುಂಬಿದ್ರ ಬೇಕ ಬೇಕು. ನದಿ ದಂಡಿಯ ನೆಲದ ಪರವಾನಗಿ ಲಾಜಿನವರು ನೋಡ್ಕೋತಾರೋ ಹ್ಯಾಂಗ, ಅದನ್ನೂ ಕೇಳ್ರಿ.

ಮೊಣಕಾಲಿನ ಮಾತು ಮುಚ್ಚಿಡಬ್ಯಾಡ್ರಿ. ಎದಿ ತನಕ ಬರೂ ರಬ್ಬರ್ ಚೊಣ್ಣ ಹಾಕ್ಕೊಂಡು, ಗುಂಡುಕಲ್ಲಿನ ಮ್ಯಾಲ, ತೊಡಿ ಮಟ್ಟದ ಥಂಡಿ ನೀರಾಗ ನಿಂದರಬೇಕಾಗತೈತಿ. ದೋಣಿ ಮ್ಯಾಲಿಂದ ಹಿಡಿಯೂ ಲಾಜು ಬ್ಯಾರೆ, ನಡದು ಹೋಗೂವು ಬ್ಯಾರೆ. ನಿಮಗ ದೋಣಿ ಇರೂದು ಬೇಕು. ಒಬ್ಬ ಗೈಡಿಗೆ ಎಷ್ಟು ಮಂದಿ ಅಂತನೂ ಕೇಳ್ರಿ, ಇಬ್ಬರಿಗಿಂತ ಹೆಚ್ಚಿದ್ರ ನಿಮಗ ಸಿಗೂ ಲಕ್ಷ್ಯ ಕಡಿಮಿ. ನೀರಾಗ ಇಳದ್ರ ಚೊಣ್ಣದ ಮ್ಯಾಲ ನಡುಪಟ್ಟಿ ಬಿಗಿಯಾಗಿ ಕಟ್ರಿ. ಜಾರಿ ಬಿದ್ರ ಒಳಗ ನೀರು ನುಗ್ಗಬಾರದು.

ಬ್ಯಾಗು ಮೆತ್ತಂದು ಇರಲಿ, ಗಾಲಿಯ ಸೂಟ್‌ಕೇಸ್ ಸಣ್ಣ ವಿಮಾನಕ್ಕ ಹೊಂದೂದಿಲ್ಲ. ತೂಕ ಭಾಳ ಕಡೆ ಒಬ್ಬರಿಗೆ 20–25 ಕಿಲೋ ಒಳಗ.

ಕಾಕುಗೋಳ ಊಟದ ಸುದ್ದಿ ಬುಕ್ಕಿಂಗ್ ಮಾಡೂವಾಗನ ಹೇಳ್ರಿ, ಅಲ್ಲಿಗೆ ಕಾಯಿಪಲ್ಲೆನೂ ವಿಮಾನದಾಗನ ಬರತೈತಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಾಕ ಅಡ್ಡಿ ಇಲ್ಲ, ಕಸ್ಟಮ್ಸ್‌ನವರಿಗೆ ಮುಚ್ಚಿಡದ ಹೇಳ್ರಿ.

ಪ್ರಶ್ನೆ (ಗದಗ):
ನಡುವ ಬಾಯಿ ಹಾಕತೀನ್ರಿ. ಅಲ್ಲಿ ಕರಡಿ ಭಾಳಂತ?

ಉತ್ತರ:
ಹೌದ್ರಿ, ಕೋಡಿಯಾಕ್ ದ್ವೀಪಗಳಾಗ ಸುಮಾರು 3,500 ಕಂದು ಕರಡಿ ಅದಾವ, ದೊಡ್ಡ ಗಂಡು 600 ಕಿಲೋ ದಾಟೂದುಂಟು. ನಮ್ಮ ದರೋಜಿ ಕರಡಿ ಅದರ ಮುಂದ ಮರಿ. ನದಿಗೆ ಅವೂ ಮೀನಿಗೇ ಬರತಾವ. ಗೈಡಿಗೆ ರೊಕ್ಕ ಕೊಡೂದು ಮೀನ ತೋರಸಾಕ ಅಷ್ಟ ಅಲ್ಲ, ಇದಕ್ಕೂ. ಗಾಳಕ್ಕ ಮೀನ ಬಿದ್ದು ಒದ್ದಾಡೂವಾಗ ಕರಡಿ ಹತ್ರ ಬಂದ್ರ ಗೈಡ್ ದಾರ ಕಡಿ ಅಂತಾನ. ತಕ್ಷಣ ಕಡೀಬೇಕು, ಎಂಥಾ ಮೀನಿದ್ರೂ. ಮೀನ ಕೊಟ್ಟು ಕರಡಿಗೆ ರುಚಿ ಹಚ್ಚಿದ್ರ ಮುಂದಿನ ವಾರ ಬರೂರ ಜೀವಕ್ಕ ಬರತೈತಿ. ಓಡಬಾರದು. ಕರಡಿಗೆ ಹೊಡಿಯೂ ಖಾರದ ಸ್ಪ್ರೇ ದೊಡ್ಡ ವಿಮಾನದಾಗ ಬಿಡೂದಿಲ್ಲ, ಕೋಡಿಯಾಕ್‌ನಾಗ ತಗೋಬೇಕು, ಇಲ್ಲಾ ಲಾಜಿನವರ ಕಡೆ ಇರತೈತಿ.

ಪ್ರಶ್ನೆ (ಧಾರವಾಡ):
ಅಷ್ಟ ದೂರ ಯಾಕ್ರಿ? ದಾಂಡೇಲಿ ಎರಡ ತಾಸಿನ ಹಾದಿ, ಕಾಳಿ ನದಿ ಐತಿ.

ಉತ್ತರ:
ಕಾಳಿ ಹುಲಿ ರಕ್ಷಿತಾರಣ್ಯದಾಗ ಗಾಳ ಹಾಕಿದ್ರ ಅರಣ್ಯ ಇಲಾಖಿಯವರು ಕೋಲಿನ ಕೂಡ ನಿಮ್ಮನ್ನೂ ಒಯ್ತಾರ. ಕಾವೇರಿ ವನ್ಯಧಾಮದಾಗೂ ಮಹಶೀರ್ ಅನ್ನೂ ದೊಡ್ಡ ಮೀನಿಗೆ ಗಾಳ ಹಾಕೂ ಹಿಂದಿನ ಆಟ ನಿಂತೈತಿ. ಕಿತ್ತಳಿ ರೆಕ್ಕಿಯ ಡುಬ್ಬದ ಮಹಶೀರ್ ಅಂತೂ 2018ರಿಂದ ತೀರಾ ಅಳಿವಿನಂಚಿನ ಪಟ್ಟಿಯಾಗ ಐತಿ.

ಪ್ರಶ್ನೆ (ರಾಣೆಬೆನ್ನೂರು):
ಸೆಪ್ಟೆಂಬರ್ ಅಂದ್ರ ಗಣಪತಿ ಹಬ್ಬ ಬರತೈತ್ರಿ, ಮನಿಯಾಕಿ ಒಪ್ಪಬೇಕು. ಹಿಡದ ಮೀನ ಊರಿಗೆ ತರಬಹುದೇನು?

ಉತ್ತರ:
ಆ ವರ್ಷದ ಹಬ್ಬದ ತಾರೀಖು ನೋಡಿ ಆಗಸ್ಟ್ ಕೊನಿ ವಾರ ಹಿಡೀರಿ, ಲಾಜು ಇವತ್ತ ಬರದು ಕೇಳಿದ್ರ ಚಲೋ, ಕೋಹೋ ವಾರ ಮದ್ಲ ತುಂಬತಾವ. ಮೀನ ಇಲ್ಲಿಗೆ ತರೂ ವಿಚಾರ ಬಿಡ್ರಿ, ಭಾರತಕ್ಕ ತರಾಕ ಪರವಾನಗಿ ಕಾಗದ ಬೇಕು. ನಿಯಮದಾಗ ಎಷ್ಟು ಬಿಡತಾರೋ ಅಷ್ಟು ಇಟ್ಕೊಂಡು, ಲಾಜಿನಾಗ ಕೊಯಿಸಿ, ಗಾಳಿ ತಗದ ಚೀಲದಾಗ ಹಾಕಿ ಹೆಪ್ಪುಗಟ್ಟಿಸಿ ಮಗನ ಫ್ರಿಜ್ಜಿಗೆ ಕಳಸ್ರಿ. ಗೈಡಿಗೆ ಬಕ್ಷೀಸು ಬ್ಯಾರೆ ಎತ್ತಿಡ್ರಿ, ಪ್ಯಾಕೇಜಿನ 10–15 ಪ್ರತಿಶತ ಕೊಡೂದು ಅಲ್ಲಿಯ ರೂಢಿ, ಅದೂ ನಗದು. ಕೋಡಿಯಾಕ್ ಊರು ಬಿಟ್ಟಮ್ಯಾಲ ಎಟಿಎಂ ಇಲ್ಲ.